‘ಮುಂದೂಡಲಾಗಿದೆ’ಯಿಂದ ಪ್ಯಾಸಿವ್ ವಾಯ್ಸ್‌ಗೆ

ಇಂಗ್ಲಿಷಿನ ಆ್ಯಕ್ಟಿವ್ ಮತ್ತು ಪ್ಯಾಸಿವ್ ವಾಯ್ಸ್‌ಗಳನ್ನು ನಮ್ಮಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಎಂದು ವಿವರಿಸುವುದು ರೂಢಿ. ಆದರೆ ‘ಭೀಮನಿಂದ ಬಕಾಸುರನು ಕೊಲ್ಲಲ್ಪಟ್ಟನು’ ಎಂಬಂಥ ವಾಕ್ಯವನ್ನು ವ್ಯಾಕರಣ ಪರೀಕ್ಷೆಯ ಹೊರಗೆ ಯಾರೂ ಆಡುವುದಿಲ್ಲ. ಅದಕ್ಕಿಂತ ಪತ್ರಿಕೆಗಳಲ್ಲಿ ದಿನವೂ ಕಾಣುವ ‘ಸಭೆಯನ್ನು ಮುಂದೂಡಲಾಗಿದೆ’ ಎಂಬ ವಾಕ್ಯದಿಂದ ಹೊರಡುವುದು ಸುಲಭ. ಮುಂದೂಡಿದವರು ಯಾರೆಂದು ಅದು ಹೇಳುವುದಿಲ್ಲ. ಆದರೂ ಅರ್ಥಕ್ಕೆ ಕೊರತೆಯಿಲ್ಲ.

‘ದಿ ಕ್ಲರ್ಕ್ ಹ್ಯಾಸ್ ಸೆಂಟ್ ದಿ ಲೆಟರ್ಸ್’ ಎಂಬ ವಾಕ್ಯವನ್ನು ತೆಗೆದುಕೊಳ್ಳಿ. ಮೊದಲು ಕ್ರಿಯಾಪದವನ್ನು ಗುರುತಿಸಿ, ‘ಏನನ್ನು ಕಳುಹಿಸಿದ?’ ಎಂದು ಕೇಳಿ. ಉತ್ತರವಾಗಿ ಸಿಗುವ ‘ದಿ ಲೆಟರ್ಸ್’ ಕರ್ಮಪದ. ‘ಏನನ್ನು’, ‘ಯಾರನ್ನು’ ಎಂಬ ಪ್ರಶ್ನೆಗಳಿಗೆ ಉತ್ತರವೇ ಸಿಗದಿದ್ದರೆ ಆ ವಾಕ್ಯವನ್ನು ಪ್ಯಾಸಿವ್‌ಗೆ ಬದಲಿಸುವ ಪ್ರಯತ್ನವನ್ನು ಅಲ್ಲಿಗೇ ಬಿಡಬೇಕು. ಸ್ಲೀಪ್, ಅರೈವ್, ಹ್ಯಾಪನ್ ಇವೆಲ್ಲ ಅಕರ್ಮಕ ಕ್ರಿಯಾಪದಗಳಾದ್ದರಿಂದ ‘ದಿ ಆ್ಯಕ್ಸಿಡೆಂಟ್ ವಾಸ್ ಹ್ಯಾಪನ್ಡ್’ ಎನ್ನುವುದು ತಪ್ಪು, ‘ವಾಸ್’ ಬೇಕಿಲ್ಲ.

ಮುಂದಿನ ಹೆಜ್ಜೆ ಕರ್ಮಪದವನ್ನು ವಾಕ್ಯದ ಆರಂಭಕ್ಕೆ ತರುವುದು. ಕನ್ನಡಿಗರು ಎಡವುವುದು ಹೆಚ್ಚಾಗಿ ಇಲ್ಲಿಯೇ. ‘ಪತ್ರವನ್ನು ಕಳುಹಿಸಲಾಗಿದೆ’ ಎಂದರೂ ‘ಪತ್ರಗಳನ್ನು ಕಳುಹಿಸಲಾಗಿದೆ’ ಎಂದರೂ ನಮ್ಮ ಕ್ರಿಯಾಪದ ಕದಲುವುದಿಲ್ಲ, ‘ಅನ್ನು’ ಪ್ರತ್ಯಯವೂ ಉಳಿದುಕೊಳ್ಳುತ್ತದೆ. ಇಂಗ್ಲಿಷಿನಲ್ಲಾದರೋ ಮುಂದೆ ಬಂದ ಕರ್ಮಪದವೇ ಕರ್ತೃವಿನ ಸ್ಥಾನವನ್ನು ಪಡೆದು, ಕ್ರಿಯಾಪದ ಅದರ ವಚನವನ್ನು ಅನುಸರಿಸುತ್ತದೆ. ಕ್ಲರ್ಕ್ ಒಬ್ಬನಾಗಿದ್ದಾಗ ಇದ್ದ ‘ಹ್ಯಾಸ್’, ಪತ್ರಗಳು ಹಲವಾದ್ದರಿಂದ ‘ಹ್ಯಾವ್’ ಆಗಿ, ‘ದಿ ಲೆಟರ್ಸ್ ಹ್ಯಾವ್ ಬೀನ್ ಸೆಂಟ್’ ಎಂಬ ವಾಕ್ಯ ಸಿದ್ಧವಾಗುತ್ತದೆ. ‘ದೇ ಇನ್ವೈಟೆಡ್ ಹಿಮ್’ ಎಂಬುದರಲ್ಲಿರುವ ‘ಹಿಮ್’, ‘ಹಿ ವಾಸ್ ಇನ್ವೈಟೆಡ್’ ಎನ್ನುವಾಗ ‘ಹಿ’ ಆಗುವುದಕ್ಕೂ ಇದೇ ಕಾರಣ.

ಕ್ರಿಯಾಪದ ಯಾವ ಕಾಲದಲ್ಲಿದ್ದರೂ ಅದರ ಮೂರನೆಯ ರೂಪವನ್ನೇ ಬಳಸಬೇಕು; ಕಾಲವನ್ನು ಹೊರುವ ಹೊಣೆ ‘ಬಿ’ಯ ರೂಪಗಳದ್ದು. ‘ರೈಟ್ಸ್’ ಎಂಬುದು ‘ಈಸ್ ರಿಟನ್’, ‘ರೋಟ್’ ಎಂಬುದು ‘ವಾಸ್ ರಿಟನ್’, ‘ಈಸ್ ರೈಟಿಂಗ್’ ಎಂಬುದು ‘ಈಸ್ ಬೀಯಿಂಗ್ ರಿಟನ್’, ‘ವಿಲ್ ರೈಟ್’ ಎಂಬುದು ‘ವಿಲ್ ಬಿ ರಿಟನ್’ ಆಗುತ್ತದೆ.

ಕೊನೆಯಲ್ಲಿ ‘ಬೈ ದಿ ಕ್ಲರ್ಕ್’ ಎಂದು ಸೇರಿಸುವುದು ಕಡ್ಡಾಯವಲ್ಲ. ಕನ್ನಡದ ‘ಇಂದ’ ಕಂಡಲ್ಲೆಲ್ಲ ‘ಬೈ’ ಬರೆಯಲೂಬಾರದು: ಚಾಕುವಿನಿಂದ ಕತ್ತರಿಸಿದ್ದಾದರೆ ‘ವಿತ್ ಎ ನೈಫ್’ ಎನ್ನಬೇಕು, ಏಕೆಂದರೆ ಚಾಕು ಸಾಧನವೇ ಹೊರತು ಕತ್ತರಿಸಿದವರಲ್ಲ. ಮಾಡಿದವರು ಗೊತ್ತಿಲ್ಲದಾಗ ‘ಮೈ ಫೋನ್ ವಾಸ್ ಸ್ಟೋಲನ್’ ಎನ್ನುವುದು ಸಹಜ. ಕ್ಷಮೆ ಕೇಳುವ ಪತ್ರದಲ್ಲಿ ಮಾತ್ರ ‘ಮಿಸ್ಟೇಕ್ಸ್ ವರ್ ಮೇಡ್’ ಎಂದು ಬರೆದರೆ ನುಣುಚಿಕೊಂಡಂತೆ ಕೇಳುತ್ತದೆ. ಅಲ್ಲಿ ‘ಐ ಮೇಡ್ ಎ ಮಿಸ್ಟೇಕ್’ ಎನ್ನುವುದೇ ಮೇಲು.

ಸ್ವಪರಿಚಯದಲ್ಲಿ ಮೇಲಿಂದ ಮೇಲೆ ಕೇಳಿಬರುವ ‘ಐ ಬಾರ್ನ್ ಇನ್ ಹಾಸನ’ ಎಂಬ ತಪ್ಪಿನ ಮೂಲವೂ ಇಲ್ಲೇ ಇದೆ. ಕನ್ನಡದಲ್ಲಿ ನಾವೇ ಹುಟ್ಟುತ್ತೇವೆ. ಇಂಗ್ಲಿಷಿನಲ್ಲಿ ತಾಯಿ ನಮ್ಮನ್ನು ಹೆತ್ತದ್ದನ್ನು ಪ್ಯಾಸಿವ್‌ನಲ್ಲಿ ಹೇಳುವುದರಿಂದ ಅದು ‘ಐ ವಾಸ್ ಬಾರ್ನ್’.