ಗಿರಣಿ ಎಷ್ಟು ಹೊತ್ತು ತಿರುಗಿತು, ಕಂತು ಎಲ್ಲಿಂದ ಬಂತು: ಮೂರು ಲೆಕ್ಕ ಒಂದೇ ಹಾಳೆಗೆ ತಂದ ಅನುಭವ

ಸ್ವಸಹಾಯ ಸಂಘದ ಸಾಲದಲ್ಲಿ ಹೆಂಗಸರು ಕೊಂಡ ಹಿಟ್ಟಿನ ಗಿರಣಿಯಂಥ 38 ಯಂತ್ರಗಳಿಗೆ ಸೆನ್ಸರ್ ಕೂರಿಸಿ, ಸಾಲದ ಕಂತು ಎಲ್ಲಿಂದ ತೀರುತ್ತದೆ ಎಂದು ಅಳೆಯಲು ಹೊರಟೆವು. ಇಂಜಿನಿಯರಿಂಗ್‌ನವರು "ಇದು ಬರೀ ಸರ್ವೇ" ಅಂದರು. ಅರ್ಥಶಾಸ್ತ್ರದವರು "38 ಯಂತ್ರ ಇಟ್ಟುಕೊಂಡು ಏನು ಹೇಳ್ತೀರಿ" ಅಂದರು. ಸಮಾಜಶಾಸ್ತ್ರದವರಿಗೆ ಮನೆಯೊಳಗೆ ಸೆನ್ಸರ್ ಇಡುವುದೇ ಬೇಹುಗಾರಿಕೆ. ಈಗ ಮೂವರಿಗೂ ಒಂದೇ ಹಾಳೆ ತೋರಿಸುತ್ತೇವೆ. ಅದರಲ್ಲಿ ಮೇಲಿನ ಪಟ್ಟಿ ಯಂತ್ರದ ವಿದ್ಯುತ್ತು, ನಡುವಿನದು ಸಂಘದ ಕಂತು, ಕೆಳಗಿನದು ಯಾರು ಎಷ್ಟು ಹೊತ್ತು ದುಡಿದರು ಎಂಬುದು. ತಕರಾರು ಕಮ್ಮಿಯಾಗಿದೆ.

ಕೆಲಸ ನಡೆದದ್ದು ಧಾರವಾಡ, ಗದಗ ಜಿಲ್ಲೆಗಳಲ್ಲಿ. ಸ್ವಸಹಾಯ ಸಂಘದ ಸಾಲದಲ್ಲಿ ಕೊಂಡ ಹಿಟ್ಟಿನ ಗಿರಣಿ, ಖಾರ ಕುಟ್ಟುವ ಯಂತ್ರ, ರೊಟ್ಟಿ ಯಂತ್ರ; ಒಟ್ಟು 11 ಸಂಘ. ಯಂತ್ರದ ದುಡಿಮೆಯಿಂದಲೇ ಕಂತು ತೀರುತ್ತಿದೆಯೇ, ಆ ದುಡಿಮೆ ಯಾರ ಹೊತ್ತನ್ನು ತಿಂದಿದೆ ಎಂಬುದು ಪ್ರಶ್ನೆ. "ದಿನಕ್ಕೆ ಎಷ್ಟು ತಾಸು ನಡೀತದ" ಎಂದು ಕೇಳಿದರೆ ಐದು ತಾಸು ಎಂಬ ಉತ್ತರ ಎಲ್ಲ ಕಡೆ ಸಿಗುತ್ತದೆ. ಅಳೆದಾಗ ಸಿಕ್ಕದ್ದು ಸುಮಾರು ಎರಡೂಕಾಲು ತಾಸು. ಯಾರೂ ಸುಳ್ಳು ಹೇಳಿರಲಿಲ್ಲ. ಗಿರಣಿ ಬಾಗಿಲು ತೆರೆದಿದ್ದು ಐದು ತಾಸು, ಕಾಳು ಬಿದ್ದದ್ದು ಎರಡೂಕಾಲು.

ಮೊದಲ ನಾಲ್ಕು ತಿಂಗಳು ಹಾಳಾದದ್ದು ಬರೀ ಕರೆಂಟ್ ಅಳೆದಿದ್ದರಿಂದ. ತಂತಿಗೆ ಸಿಕ್ಕಿಸಿ ಕರೆಂಟ್ ಅಳೆಯುವ ಎಸ್‌ಸಿಟಿ-013 ಕ್ಲ್ಯಾಂಪ್, ಅದನ್ನು ಅಂಕಿಗೆ ತರುವ ಎಡಿಎಸ್1115 ಚಿಪ್, ಬರೆದಿಡುವ ಪುಟ್ಟ ಕಂಪ್ಯೂಟರ್ ಇಎಸ್‌ಪಿ32 ಎಲ್ಲ ಸೇರಿ ಅಗ್ಗವಾಗಿ ಆಯಿತು ಎಂದು ಬೀಗಿದ್ದೆವು. ಆದರೆ 2 ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಖಾಲಿ ತಿರುಗುವಾಗಲೇ 6 ಆಂಪಿಯರ್ ಎಳೆಯುತ್ತದೆ, ಜೋಳ ಬೀಸುವಾಗ 9–10. ಅದರ ಮೇಲೆ ಹಳ್ಳಿಯ ವೋಲ್ಟೇಜ್ 180ರಿಂದ 245ರವರೆಗೆ ಕುಣಿಯುತ್ತದೆ. ಹೀಗಾಗಿ ಖಾಲಿ ಮತ್ತು ಬೀಸುವುದರ ನಡುವಿನ ಗೆರೆ ದಿನಕ್ಕೊಂದು ಕಡೆ ಸರಿಯುತ್ತಿತ್ತು. ಖಾಲಿ ಮೋಟರ್‌ನ ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.25ರ ಆಸುಪಾಸು, ಬೀಸುವಾಗ 0.8. ಹಾಗಾಗಿ ನಿಜವಾದ ವ್ಯಾಟ್ ಅಳೆದರೆ ಒಂದು ಕಡೆ 350, ಇನ್ನೊಂದು ಕಡೆ 1,700. ಕುರುಡರಿಗೂ ಕಾಣುವಷ್ಟು ಅಂತರ. ಕ್ಲ್ಯಾಂಪ್ ಎಲ್ಲ ಕಿತ್ತು, ನಿಜವಾದ ವ್ಯಾಟ್ ಅಳೆಯುವ ಪಿಝೆಮ್-004ಟಿ ಮಾಡ್ಯೂಲ್ ಹಾಕಿದೆವು. ಮೂವತ್ತು ಚಿಲ್ಲರೆ ಕ್ಲ್ಯಾಂಪ್‌ಗೆ ಹಾಕಿದ್ದ ಇಪ್ಪತ್ತು ಸಾವಿರ ನೀರಿಗೆ ಹೋಯಿತು.

ಪಿಝೆಮ್ ಹಾಕುವವರು ಎರಡು ವಿಷಯ ನೋಡಿಕೊಳ್ಳಿ. ಅದರ ಆಪ್ಟೋಕಪ್ಲರ್‌ಗೆ (ಮೇನ್ಸ್ ತಾಗದಂತೆ ಬೆಳಕಿನ ಮೂಲಕ ಸಂಕೇತ ದಾಟಿಸುವ ಭಾಗ) 5 ವೋಲ್ಟ್ ಬೇಕು. ಇಎಸ್‌ಪಿಯ 3.3ರಲ್ಲಿ ಮೇಜಿನ ಮೇಲೆ ಚೆನ್ನಾಗಿಯೇ ನಡೆದು, ಹಳ್ಳಿಯಲ್ಲಿ ಬಿಸಿಲೇರಿದ ಮೇಲೆ ಕೈಕೊಡುತ್ತದೆ. 5 ವೋಲ್ಟ್ ಕೊಟ್ಟು, ವಾಪಸ್ ಬರುವ ಗೆರೆಗೆ ಎರಡು ರೆಸಿಸ್ಟರ್ ಹಾಕಿ ಇಳಿಸಿಕೊಳ್ಳಿ. ಎರಡನೆಯದು ಉಪಕಾರವೇ ಆಯಿತು. ಪಿಝೆಮ್ ಮೇನ್ಸ್ ಇದ್ದರಷ್ಟೇ ಉತ್ತರ ಕೊಡುತ್ತದೆ, ನಮ್ಮ ಇಎಸ್‌ಪಿ 18650 ಸೆಲ್ (ಚಾರ್ಜ್ ಆಗುವ ಬ್ಯಾಟರಿ) ಮೇಲೆ ಎದ್ದಿರುತ್ತದೆ. ಉತ್ತರ ಬಾರದ ನಿಮಿಷ ಎಂದರೆ ಒಂದೋ ಕರೆಂಟು ಹೋಗಿದೆ, ಇಲ್ಲವೇ ತಂತಿ ಸಡಿಲ. ಅದೇ ಟ್ರಾನ್ಸ್‌ಫಾರ್ಮರ್‌ನ ಬೇರೆ ಮನೆಯಲ್ಲೂ ಅದೇ ನಿಮಿಷಕ್ಕೆ ಮೌನವಿದ್ದರೆ ಕರೆಂಟು, ಒಂದೇ ಮನೆಯಲ್ಲಿದ್ದರೆ ತಂತಿ. ಕರೆಂಟು ಹೋದ ಲೆಕ್ಕ ಪುಕ್ಕಟೆ ಸಿಕ್ಕಿತು. ಗಡಿಯಾರಗಳು ಒಂದಕ್ಕೊಂದು ಹೊಂದಿವೆಯೇ ಎಂದು ನೋಡುವುದಕ್ಕೂ ಅದೇ ಆಯಿತು.

ಗಡಿಯಾರದ ಮಾತು ಬಂತು. ಹೊತ್ತು ಇಡುವ ಡಿಎಸ್3231 ಚಿಪ್‌ನ ಅಗ್ಗದ ಮಾಡ್ಯೂಲ್‌ಗಳಲ್ಲಿ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಅದಕ್ಕೆ ಚಾರ್ಜ್ ಮಾಡಬಾರದ ಮಾಮೂಲಿ ಗುಂಡಿ ಸೆಲ್ ಸಿಆರ್2032 ಹಾಕಿದರೆ ಸೆಲ್ ಉಬ್ಬುತ್ತದೆ. ಮೂರು ಉಬ್ಬಿದ ಮೇಲೆ ಸೆಲ್‌ಗೆ ಚಾರ್ಜ್ ಹರಿಸುವ ಡಯೋಡನ್ನೇ ಕಿತ್ತು ಹಾಕಿದೆವು.

ಹಿಟ್ಟಿನ ಧೂಳು ಬೇರೆಯದೇ ಶತ್ರು. ಎಸ್‌ಡಿ ಕಾರ್ಡ್ ತೆಗೆಯಲು ಬಾಯಿ ಬಿಟ್ಟಿದ್ದ ಡಬ್ಬಿಗಳಲ್ಲಿ ಮಳೆಗಾಲಕ್ಕೆ ಧೂಳು ತೇವ ಹಿಡಿದು ಪಿನ್‌ಗಳ ಮೇಲೆ ಅಂಟಿನಂತೆ ಕೂತಿತ್ತು. ಆಮೇಲೆ ಡಬ್ಬಿ ಪೂರ್ತಿ ಮುಚ್ಚಿ, ಕೇಬಲ್ ಗ್ಲ್ಯಾಂಡ್ ಹಾಕಿ, ವೈಫೈ ಮೂಲಕ ಫೋನಿಗೇ ಡೇಟಾ ಇಳಿಸಿಕೊಂಡೆವು. ನಿಮಿಷಕ್ಕೊಂದು ಸಾಲು ಬರೆದರೆ ತಿಂಗಳಿಗೆ ಎರಡು ಎಂಬಿಯೂ ಆಗುವುದಿಲ್ಲ. ಒಂದು ಡಬ್ಬಿಗೆ ಒಟ್ಟು 2,100 ಬಿದ್ದಿರಬೇಕು. ರೆಡಿಮೇಡ್ ಲಾಗರ್‌ಗೆ ಬಂದ ಕೊಟೇಶನ್ 18 ಸಾವಿರ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರೋಡಿನಲ್ಲಿ ಇನ್ನೂ ಅಗ್ಗ, ಆದರೆ ಜಿಎಸ್‌ಟಿ ಬಿಲ್ ಇಲ್ಲದೆ ಪ್ರಾಜೆಕ್ಟ್ ದುಡ್ಡು ಖರ್ಚು ಹಾಕಲಾಗುವುದಿಲ್ಲ. ಇನ್ನೊಂದು: ಡಬ್ಬಿಯನ್ನು 'ಸಲಕರಣೆ' ಎಂದು ತೋರಿಸಿದರೆ ಸ್ಟಾಕ್ ರಿಜಿಸ್ಟರ್, ಸಂಖ್ಯೆ, ವಾಪಸಾತಿ ಎಲ್ಲ ಬೆನ್ನು ಹತ್ತುತ್ತವೆ. ಬಿಡಿಭಾಗಗಳನ್ನು ಕನ್ಸ್ಯೂಮಬಲ್ಸ್ (ಬಳಸಿ ಮುಗಿಯುವ ಸಾಮಾನು) ಎಂಬ ಖರ್ಚಿನ ಶೀರ್ಷಿಕೆಗೆ ಹಾಕಲು ಪ್ರಾಜೆಕ್ಟ್ ಪ್ರಸ್ತಾವ ಬರೆಯುವಾಗಲೇ ಅನುಮತಿ ತೆಗೆದುಕೊಳ್ಳಿ. ಮಾರ್ಚ್‌ನಲ್ಲಿ ಯುಸಿ (ಹಣ ಬಳಕೆಯ ಪ್ರಮಾಣಪತ್ರ) ಬರೆಯುವಾಗ ನೆನಪಾದರೆ ತಡ.

ಪ್ರಯಾಣದ ಶೀರ್ಷಿಕೆಯಲ್ಲಿ ಮಾತ್ರ ದುಡ್ಡು ಉಳಿಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಗಣತಿಯ ಹುಡುಗಿಯರ ಬಸ್ ಖರ್ಚು ಸೊನ್ನೆ. ಆಡಿಟ್‌ಗೆ ಸೊನ್ನೆ ಟಿಕೆಟ್ಟನ್ನೂ ಅಂಟಿಸಿಡಿ, ಕೇಳುತ್ತಾರೆ.

ಇನ್ನು ಸಾಲದ ಲೆಕ್ಕ. ಬಾಯಿಮಾತಿನಲ್ಲಿ ಕೇಳಿದ ಸಾಲ ಯಾವತ್ತೂ ಕಮ್ಮಿಯೇ ಬರುತ್ತದೆ. ನಡಾವಳಿ ಪುಸ್ತಕ, ಸಾಲದ ಖಾತೆ, ಸದಸ್ಯರ ಪಾಸ್‌ಬುಕ್ ಮೂರನ್ನೂ ಫೋಟೋ ತೆಗೆದು ಕೂಡಿಸಿ ನೋಡಬೇಕು. ಎರಡು ಸಂಘಗಳಲ್ಲಿ ಆರು ತಿಂಗಳ ನಡಾವಳಿ ಒಂದೇ ಪೆನ್ನಿನಲ್ಲಿ, ಒಂದೇ ಓರೆಯಲ್ಲಿ, ಒಂದು ಅಳಿಸಿದ ಗುರುತೂ ಇಲ್ಲದೆ ಇತ್ತು. ತಪಾಸಣೆಗೆ ಮುಂಚಿನ ರಾತ್ರಿ ಬರೆದದ್ದು. ಅಂಥ ಕಡೆ ಪಾಸ್‌ಬುಕ್ಕೇ ಗತಿ. ಅದೂ ಇಲ್ಲದಿದ್ದರೆ ತಾರೀಖು ಕೇಳಬೇಡಿ. "ಪಂಚಮಿ ಮುಂದೋ ಹಿಂದೋ", "ಎಳ್ಳಮಾಸಿ ಆದ ಮ್ಯಾಲೋ" ಎಂದು ಕೇಳಿ. ಒಂದು ವಾರದೊಳಗೆ ಬಂದು ನಿಲ್ಲುತ್ತದೆ. ಪಂಚಮಿಗೆ ಮೊದಲ ವಾರ ಗಿರಣಿಗಳ ವ್ಯಾಟ್ ಪಟ್ಟಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಇಳಿಯದೆ ನಿಂತಿರುತ್ತದೆ, ಆ ಗುರುತು ಹಿಡಿದರೆ ಉಳಿದದ್ದು ತಾನಾಗಿ ಹೊಂದುತ್ತದೆ.

ಬಡ್ಡಿಯನ್ನು ಅವರು ಹೇಳಿದಂತೆ ಬರೆದುಕೊಂಡರೆ ಪೇಪರ್ ಬಿದ್ದಂತೆಯೇ. "ನೂರಕ್ಕ ಒಂದು" ಎಂದಾಗ ಅದು ಫ್ಲ್ಯಾಟೋ (ಕೊನೆತನಕ ಪೂರ್ತಿ ಅಸಲಿನ ಮೇಲೆ) ಇಳಿಯುವ ಬಾಕಿಯ ಮೇಲೋ ನೋಡಿ. 50,000ಕ್ಕೆ 24 ತಿಂಗಳು, ವರ್ಷಕ್ಕೆ 12 ಫ್ಲ್ಯಾಟ್ ಎಂದರೆ ಬಡ್ಡಿ 12,000, ತಿಂಗಳ ಕಂತು 2,583. ಇದನ್ನೇ ಇಳಿಯುವ ಬಾಕಿಯ ಲೆಕ್ಕಕ್ಕೆ ತಂದರೆ ತಿಂಗಳಿಗೆ 1.8, ವರ್ಷಕ್ಕೆ 21.6 ಆಗುತ್ತದೆ. ನಾವು ಪ್ರತಿ ಸಾಲಕ್ಕೂ ನಿಜವಾಗಿ ಕಟ್ಟಿದ ತಾರೀಖಿನ ಮೇಲೆ ಎಕ್ಸ್‌ಐಆರ್‌ಆರ್ (ತಾರೀಖು ನೋಡಿ ನಿಜವಾದ ವಾರ್ಷಿಕ ಬಡ್ಡಿ ತೆಗೆಯುವ ಸೂತ್ರ) ಹಾಕಿದೆವು.

ದೊಡ್ಡ ಪೆಟ್ಟು ಬಿದ್ದದ್ದು 2023ರ ಆಗಸ್ಟ್‌ನಲ್ಲಿ. ಯಂತ್ರ ಬಂದ ಮೇಲೆ ಕಂತು ತಪ್ಪುವುದು ನಿಂತಿತು ಎಂದು ಗ್ರಾಫ್ ಹಾಕಿಕೊಂಡು ಖುಷಿಯಲ್ಲಿದ್ದಾಗ ಗೃಹಲಕ್ಷ್ಮಿ ಶುರುವಾಯಿತು. ಅದೇ ಹೆಂಗಸರ ಖಾತೆಗೆ ತಿಂಗಳಿಗೆ 2,000. ಕಂತಿನ ಮುಕ್ಕಾಲು ಪಾಲಿಗಿಂತ ಹೆಚ್ಚು! ಅಂದಿನಿಂದಾಚೆಗೆ ಯಂತ್ರದ ಮೊದಲು–ನಂತರ ಎಂಬ ಸರಳ ಹೋಲಿಕೆಗೆ ಕವಡೆ ಬೆಲೆಯಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ನೇರ ವರ್ಗಾವಣೆಯ ಸಾಲುಗಳನ್ನು ಗುರುತು ಮಾಡಿ, ಅವು ಬಿದ್ದ ಏಳು ದಿನದೊಳಗೆ ಕಟ್ಟಿದ ಕಂತನ್ನು ಬೇರೆ ಗುಂಪು ಮಾಡಿದೆವು. ಯಂತ್ರಗಳು ಬೇರೆ ಬೇರೆ ತಿಂಗಳಲ್ಲಿ ಬಂದದ್ದು ಅನುಕೂಲವಾಯಿತು. ಮನೆ ಮನೆಯ, ತಿಂಗಳು ತಿಂಗಳಿನ ವ್ಯತ್ಯಾಸ ಕಳೆದು ಹೋಲಿಸುವ ಮಾಮೂಲಿ ಟೂ-ವೇ ಫಿಕ್ಸೆಡ್ ಎಫೆಕ್ಟ್ ಇಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ಮೊದಲೇ ಯಂತ್ರ ಪಡೆದವರೂ ಹೋಲಿಕೆಗೆ ಬಂದು ಕೂರುತ್ತಾರೆ. ಇನ್ನೂ ಕೊಳ್ಳದವರ ಜೊತೆ ಮಾತ್ರ ಹೋಲಿಸಿ. ಸಂಘ ಹನ್ನೊಂದೇ ಇರುವುದರಿಂದ ಮಾಮೂಲಿ ಕ್ಲಸ್ಟರ್ ಎರರ್ (ಸಂಘವಾರು ಗುಂಪು ಮಾಡಿ ಹಾಕುವ ತಪ್ಪಿನ ಅಂದಾಜು) ನಂಬುವಂತಿಲ್ಲ. ಗುಂಪು ಕಮ್ಮಿ ಇದ್ದಾಗ ಬಳಸುವ ವೈಲ್ಡ್ ಕ್ಲಸ್ಟರ್ ಬೂಟ್‌ಸ್ಟ್ರ್ಯಾಪ್ ಹಾಕಿದ ಮೇಲೆ ಮೂರು ಫಲಿತಾಂಶಗಳಲ್ಲಿ ಒಂದು ಬಿದ್ದುಹೋಯಿತು, ಎರಡು ನಿಂತವು.

ಎಲ್ಲರೂ ಅನುಮಾನಪಟ್ಟದ್ದು ಮೂರನೆಯ ಪಟ್ಟಿಯನ್ನು, ಅಂದರೆ ಹೊತ್ತಿನ ಲೆಕ್ಕವನ್ನು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ, ಅರ್ಧ ಗಂಟೆಯ ಚೌಕಗಳು. ಹಾಗೇ ತುಂಬಿಸಿದರೆ "ಮನೆ ಕೆಲಸ" ಎಂದು ಆರು ಚೌಕಕ್ಕೆ ಒಂದೇ ಗೆರೆ ಎಳೆಯುತ್ತಾರೆ. ನಾವು ಹಿಂದಿನ ದಿನದ ವ್ಯಾಟ್ ಪಟ್ಟಿಯನ್ನು ಕಾಗದದಲ್ಲಿ ಅಚ್ಚು ಹಾಕಿ ಕೈಗೆ ಕೊಟ್ಟು, ಏರಿದ ಜಾಗಕ್ಕೆ ಬೆರಳಿಟ್ಟು ಕೇಳಿದೆವು: "ಅಕ್ಕಾರ, ಇಷ್ಟೊತ್ತಿನ್ಯಾಗ ಗಿರಣಿಗೆ ಯಾರು ನಿಂತಿದ್ರು?" ಉತ್ತರ ಬೇರೆಯೇ ಧಾಟಿಗೆ ಹೋಯಿತು. "ಇಲ್ಲಿ ನಾನರೀ. ಇಲ್ಲಿ ಅತ್ತಿಯವರು, ನಾ ರೊಟ್ಟಿಗಿ ಒಳಗ ಹೋಗಿದ್ದೆ. ಇದು ಮಾತ್ರ ನಮ್ಮ ಮನಿಯವರು, ರೊಕ್ಕಾ ಇಸಗೊಳ್ಳಾಕ." ಸಾಲ ಒಬ್ಬರ ಹೆಸರಲ್ಲಿ, ನಿಂತವರು ಇನ್ನೊಬ್ಬರು, ದುಡ್ಡು ಹಿಡಿದವರು ಮತ್ತೊಬ್ಬರು ಎಂಬುದು ಹತ್ತು ನಿಮಿಷದಲ್ಲಿ ಬಂತು. ಒಂದೇ ಹೊತ್ತಿನಲ್ಲಿ ಎರಡು ಕೆಲಸ ಇದ್ದರೆ ಎರಡನ್ನೂ ಬರೆಯಿರಿ, ಇಲ್ಲವಾದರೆ ಮಗು ನೋಡಿಕೊಂಡದ್ದು ಪೂರ್ತಿ ಮಾಯವಾಗುತ್ತದೆ.

ಡಬ್ಬಿಗೆ ನಾವೇ ಒಂದು ಸ್ವಿಚ್ ಇಟ್ಟಿದ್ದೆವು, ಬೇಡವೆನಿಸಿದಾಗ ಆರಿಸಲು. ಎಥಿಕ್ಸ್ ಸಮಿತಿ ಒಪ್ಪಿದ್ದು ಇದರಿಂದಲೇ ಎಂದು ನಮ್ಮ ಅಂದಾಜು. ಆರಿಸಿದ್ದು ಆರೇಳು ಮನೆ, ಹೆಚ್ಚಾಗಿ ಹಬ್ಬದ ದಿನ. ಪಟ್ಟಿಯನ್ನು ಮೊದಲು ಆ ಹೆಂಗಸಿಗೇ ಕೊಡುತ್ತೇವೆ, ಬ್ಯಾಂಕಿಗಾಗಲಿ ಸಂಘದ ಅಧ್ಯಕ್ಷರಿಗಾಗಲಿ ಕೊಡುವುದಿಲ್ಲ ಎಂದು ಒಪ್ಪಿಗೆ ಪತ್ರದಲ್ಲಿ ಬರೆದು ಓದಿ ಹೇಳಿದ್ದೆವು.

ನಡುವೆ ಮಾಡಿದ ಹುಚ್ಚಾಟಗಳೂ ಇವೆ. ಮನೆಯ ಮೀಟರ್‌ನ ಮಿನುಗುವ ಎಲ್‌ಇಡಿಯನ್ನು ಬೆಳಕು ಹಿಡಿಯುವ ಎಲ್‌ಡಿಆರ್‌ನಿಂದ ಎಣಿಸಲು ನೋಡಿದೆವು. ಬಿಸಿಲಿಗೆ ತಪ್ಪು ಎಣಿಕೆ ಒಂದು ಕಡೆ. ಗೃಹಜ್ಯೋತಿ ಬಂದ ಮೇಲಂತೂ "ಮೀಟರ್ ಮುಟ್ಟಬ್ಯಾಡ್ರಿ, ಫ್ರೀ ಕರೆಂಟ್ ಹೋಗ್ತದ" ಎಂಬ ಭಯ. ಅಲ್ಲಿಗೇ ಬಿಟ್ಟೆವು. ಗಿರಣಿಯ ಸದ್ದನ್ನು ಫೋನಿನಲ್ಲಿ ಹಿಡಿದು ಜೋಳವೋ ಗೋಧಿಯೋ ಹೇಳುವ ಪ್ರಯೋಗ ಮೂರು ವಾರ ನಡೆಯಿತು. ಪಕ್ಕದ ಗುಡಿಯ ಮೈಕು ಅದನ್ನು ಮುಗಿಸಿತು. ವ್ಯಾಟ್ ಪಟ್ಟಿಯಿಂದಲೇ ಒಬ್ಬ ಗಿರಾಕಿಯ ಕಾಳು ಮುಗಿದು ಇನ್ನೊಬ್ಬರದು ಶುರುವಾದದ್ದನ್ನು ಬೇರ್ಪಡಿಸುವ ದಾರಿ ಸಿಕ್ಕಿದೆ. ಅದನ್ನು ಸದ್ಯಕ್ಕೆ ಇಲ್ಲಿ ಬಿಚ್ಚಿಡುವುದಿಲ್ಲ, ಪೇಪರ್ ಹೊರಬರಲಿ.

ರೊಟ್ಟಿ ಯಂತ್ರಕ್ಕೆ ಮಾತ್ರ ಈ ವಿಧಾನ ಇನ್ನೂ ಸರಿಯಾಗಿ ಕೂತಿಲ್ಲ. ಹೀಟರ್ ತಾನಾಗಿ ಆನ್ ಆಫ್ ಆಗುತ್ತಿರುವುದರಿಂದ ವ್ಯಾಟ್ ನೋಡಿ ರೊಟ್ಟಿ ಬೇಯುತ್ತಿದೆಯೋ ಬರೀ ಕಾವಲಿ ಕಾಯುತ್ತಿದೆಯೋ ಹೇಳಲಾಗುವುದಿಲ್ಲ. ಒತ್ತುವ ಹಿಡಿಕೆಗೆ ಒಂದು ಪುಟ್ಟ ಅಯಸ್ಕಾಂತ, ಎದುರಿಗೆ ಅಯಸ್ಕಾಂತ ಹತ್ತಿರ ಬಂದರೆ ಕೂಡುವ ರೀಡ್ ಸ್ವಿಚ್ ಕೂರಿಸಿ ಈಗ ಎರಡು ಮನೆಯಲ್ಲಿ ಎಣಿಸುತ್ತಿದ್ದೇವೆ.