ಫ್ರಾಂಚೈಸಿ ಕರಾರನ್ನು ಕೊನೆಯಿಂದ ಬರೆಯೋದು: ನನ್ನ ಅನುಭವ

ಬೆಂಗಳೂರಿನಲ್ಲಿ ನನ್ನದು ಸಣ್ಣ ವಕೀಲರ ಆಫೀಸು. ಇಬ್ಬರು ಜೂನಿಯರ್‌ಗಳು, ಒಬ್ಬ ಗುಮಾಸ್ತರು. ಕೆಲಸದ ಮುಕ್ಕಾಲು ಪಾಲು ಫ್ರಾಂಚೈಸಿಯದೇ, ಅಂದರೆ ಒಬ್ಬರ ಬ್ರ್ಯಾಂಡ್ ಹೆಸರಲ್ಲಿ ಇನ್ನೊಬ್ಬರು ಅಂಗಡಿ ನಡೆಸೋ ಕರಾರು: ದರ್ಶಿನಿ, ಟೀ ಅಂಗಡಿ, ಟ್ಯೂಷನ್ ಸೆಂಟರ್. ದಿನಾ ಕೋರ್ಟಿಗೆ ಹೋಗದೆ ಕರಾರು ಬರೆದೇ ಬದುಕ್ತೀನಿ ಅಂದಾಗ ನಮ್ಮ ಸೀನಿಯರ್, "ಆಫೀಸ್ ಬಾಡಿಗೆಗೂ ಸಾಲಲ್ಲ ಕಣಯ್ಯ" ಅಂದಿದ್ದರು. ಈಗ ಅವರೇ ನನ್ನ ಹತ್ತಿರ ಕಕ್ಷಿದಾರರನ್ನು ಕಳಿಸುತ್ತಾರೆ.

ನಾನು ಮೊದಲು ಬರೆಯೋದು ಸಂಬಂಧ ಮುರಿಯುವ ದಿನದ ಪುಟ. ಬೋರ್ಡ್ ಯಾರು ಇಳಿಸಬೇಕು? ಫೋನ್ ನಂಬರ್ ಯಾರ ಹೆಸರಲ್ಲಿ? ಸ್ವಿಗ್ಗಿ, ಜೊಮ್ಯಾಟೊ ಖಾತೆ ಯಾರ ಕೈಗೆ? ಅಂಗಡಿ ಬಾಡಿಗೆ ಕರಾರು ಯಾರಿಗೆ ಉಳಿಯುತ್ತೆ? ಇದು ಇತ್ಯರ್ಥವಾದ ಮೇಲೆಯೇ ಫೀಸು, ರಾಯಲ್ಟಿ (ಹೆಸರು ಬಳಸೋದಕ್ಕೆ ಬ್ರ್ಯಾಂಡ್‌ನವರಿಗೆ ಕೊಡೋ ಪಾಲು).

ಕಾಂಟ್ರ್ಯಾಕ್ಟ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬರ ವ್ಯಾಪಾರಕ್ಕೆ ಅಡ್ಡಿ ಹಾಕೋ ಕರಾರು ಸಾಮಾನ್ಯವಾಗಿ ಊರ್ಜಿತವಲ್ಲ. ಕರಾರು ನಡೆಯುವಾಗ ಪೈಪೋಟಿ ತಡೆಯಬಹುದು, ಸುಪ್ರೀಂ ಕೋರ್ಟಿನ 1995ರ ಕೋಕಾ ಕೋಲಾ ತೀರ್ಪು ಅದಕ್ಕೆ ಆಧಾರ. ಮುಗಿದ ಮೇಲೆ ತಡೆಯೋಕಾಗಲ್ಲ. ಆದರೂ ಕರಾರು ಮುಗಿದ ಮೇಲೆ "ಮೂರು ವರ್ಷ, ಹತ್ತು ಕಿಲೋಮೀಟರ್" ಒಳಗೆ ಅದೇ ವ್ಯಾಪಾರ ಮಾಡಬಾರದು ಅನ್ನೋ ಷರತ್ತು ಎಲ್ಲರ ಕರಾರಲ್ಲೂ ಇರುತ್ತೆ. ಒಬ್ಬ ಟೀ ಬ್ರ್ಯಾಂಡ್‌ನವರು ಅಂಥ ಕಾಗದ ಹಿಡಿದು ಬಂದಿದ್ದರು. ಅವರ ಫ್ರಾಂಚೈಸಿ ತಗೊಂಡಿದ್ದವನು ಕರಾರು ಮುಗಿದ ಮೇಲೆ ಬೋರ್ಡಿನಲ್ಲಿ ಎರಡು ಅಕ್ಷರ ಬದಲಿಸಿದ್ದ, ಅಷ್ಟೇ. ಅದೇ ಕೌಂಟರ್, ಅದೇ ಭಟ್ಟರು, ಅದೇ ಫೋನ್ ನಂಬರ್. ಬ್ರ್ಯಾಂಡ್‌ನವರು ಟ್ರೇಡ್‌ಮಾರ್ಕ್ ಅರ್ಜಿಯನ್ನೂ ಹಾಕಿರಲಿಲ್ಲ. ಒಬ್ಬ ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಹಾಕಿದ್ದರೆ ಒಂದು ಕ್ಲಾಸಿಗೆ (ಸರಕು, ಸೇವೆಯ ಒಂದು ವರ್ಗಕ್ಕೆ) 4,500 ರೂಪಾಯಿಗೆ ಮುಗೀತಿತ್ತು. ದಾವೆಗೆ ಅವರು ಸುರಿದದ್ದು ಆರು ಲಕ್ಷದ ಹತ್ತಿರ. ಅಂಗಡಿ ಇವತ್ತಿಗೂ ಅಲ್ಲೇ ಇದೆ.

ನನ್ನ ಫೀಸಿನ ವಿಷಯದಲ್ಲಿ ಬಹಳ ಏಟು ತಿಂದೆ. ಗಂಟೆ ಲೆಕ್ಕ ನಮ್ಮ ಕಡೆ ಯಾರಿಗೂ ಒಗ್ಗಲಿಲ್ಲ. ತಿಂಗಳಿಗೆ ಹತ್ತು ಸಾವಿರ ಅಂತ ಮಾಡಿದೆ. ಮೂರನೇ ತಿಂಗಳಿಗೆ "ಈ ಸಲ ಏನೂ ಕೆಲಸ ಇರಲಿಲ್ವಲ್ಲ ಸಾರ್" ಅಂತ ನಿಲ್ಲಿಸಿದರು. ಕೊನೆಗೆ ನಿಂತದ್ದು ಒಂದೇ ಮೊತ್ತ: ಮೊದಲ ಕರಾರಿಗೆ, ಟ್ರೇಡ್‌ಮಾರ್ಕ್ ಕೆಲಸ ಸೇರಿ, ಎಪ್ಪತ್ತೈದು ಸಾವಿರದ ಆಸುಪಾಸು. ಆಮೇಲೆ ಪ್ರತಿ ಹೊಸ ಅಂಗಡಿಗೆ ಹನ್ನೆರಡೋ ಹದಿನೈದೋ ಸಾವಿರ. ಅರ್ಧ ದುಡ್ಡು ಬರದೆ ಡ್ರಾಫ್ಟ್ ಆಚೆ ಹೋಗಲ್ಲ. ರಾಯಲ್ಟಿಯಲ್ಲೇ ಪಾಲು ಕೊಡ್ತೀನಿ ಅಂದವರೂ ಇದ್ದರು. ಬೇಡ ಅಂದೆ. ಲಾಭದಲ್ಲಿ ಪಾಲಿದ್ದರೆ ಸಲಹೆ ನೇರವಾಗಿ ಬರಲ್ಲ.

ನಡುವೆ ಒಂದು ಪ್ರಯೋಗ ಮಾಡಿದೆ. ಫ್ರಾಂಚೈಸಿ ತಗೊಳ್ಳುವವರಿಗೂ ಕರಾರಿನ ಸಾರವನ್ನು ಎರಡು ಪುಟ ಕನ್ನಡದಲ್ಲಿ ಬರೆದು, ಎದುರು ಕೂರಿಸಿ ಓದುತ್ತೇನೆ. ಉದಾಹರಣೆಗೆ, ತಿಂಗಳ ವ್ಯಾಪಾರ 5 ಲಕ್ಷ, ರಾಯಲ್ಟಿ 6% ಅಂದರೆ 30,000. ಅದರ ಮೇಲೆ 18% ಜಿಎಸ್‌ಟಿ 5,400. ಹೋಟೆಲಿನವರು 5% ಜಿಎಸ್‌ಟಿಯಲ್ಲಿದ್ದರೆ ಆ 5,400 ವಾಪಸ್ ಬರಲ್ಲ. ರಾಯಲ್ಟಿ ವ್ಯಾಪಾರದ ಮೇಲೆ, ಲಾಭದ ಮೇಲಲ್ಲ. ನಷ್ಟವಾದ ತಿಂಗಳೂ ಕೊಡಬೇಕು. ಸಹಿಗೆ ಮುಂಚೆ ನಿಮ್ಮ ಲಾಯರ್‌ಗೂ ತೋರಿಸಿ ಅಂತಲೂ ಹೇಳ್ತೀನಿ. ಕೆಲವರು ಅಲ್ಲೇ ಎದ್ದು ಹೋಗುತ್ತಾರೆ. ಬ್ರ್ಯಾಂಡ್‌ನವರು ಮೊದಮೊದಲು ಸಿಟ್ಟಾದರು. ಆದರೆ ಹೀಗೆ ಓದಿಸಿ ಸಹಿ ಮಾಡಿಸಿದವುಗಳಲ್ಲಿ ಜಗಳಕ್ಕೆ ಬಂದದ್ದು ತೀರಾ ಕಡಿಮೆ. ಈಗ ಅವರೇ "ಅದನ್ನ ಓದಿಸಿಬಿಡಿ ಸಾರ್" ಅಂತಾರೆ. ನಾವು ವಕೀಲರು ಜಾಹೀರಾತು ಕೊಡೋ ಹಾಗಿಲ್ಲ ಅಲ್ವಾ? ನನಗೆ ಹೊಸ ಕೆಲಸ ಜಾಸ್ತಿ ಬರೋದು ಹೀಗೆ ಓದಿಸಿಕೊಂಡವರಿಂದಲೇ.

ಬಾಡಿಗೆ ಕರಾರಿನಲ್ಲಿ ಬ್ರ್ಯಾಂಡ್‌ನವರ ಹಕ್ಕನ್ನು ಕಟ್ಟಡದ ಮಾಲೀಕರಿಂದ ಹೇಗೆ ಒಪ್ಪಿಸೋದು ಅಂತ ಮಾತ್ರ ಕೇಳಬೇಡಿ. ಆ ಎರಡು ವಾಕ್ಯ ನನ್ನ ಹತ್ತಿರವೇ ಇರಲಿ.