ಕೆನಡಾಕ್ಕೆ ಹೊರಟ ಬೆಂಗಳೂರಿಗರಿಗೆ: ವೀಸಾ, ಬಾಡಿಗೆ ಮನೆ ಮತ್ತು ಅಲ್ಲಿನವರ ಸಿಟ್ಟು

ಕೆನಡಾ ಬಾಗಿಲು ಮುಚ್ಚಿಲ್ಲ. ಆದರೆ 2022ರಲ್ಲಿ ಇದ್ದಷ್ಟು ತೆರೆದೂ ಇಲ್ಲ. ಈ ಸಲ ರಜೆಗೆ ಬೆಂಗಳೂರಿಗೆ ಬಂದಾಗ ನೋಡಿದರೆ, ಕೆಲವು ಕನ್ಸಲ್ಟೆನ್ಸಿಗಳು ಇನ್ನೂ ಹಳೆಯ ಕಥೆಯನ್ನೇ ಹೇಳಿ ದುಡ್ಡು ಕಟ್ಟಿಸಿಕೊಳ್ಳುತ್ತಿವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನಿರುವುದು ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿ. ಹಾಗಾಗಿ ಬಾಡಿಗೆ ಕಾನೂನಿನ ಬಗ್ಗೆ ಹೇಳುವುದೆಲ್ಲ ಒಂಟಾರಿಯೊ ಪ್ರಾಂತ್ಯದ್ದು. ಬೇರೆ ಪ್ರಾಂತ್ಯಕ್ಕೆ ಹೋಗುವವರು ಅಲ್ಲಿನದನ್ನು ವಿಚಾರಿಸಿಕೊಳ್ಳಿ.

ಮೊದಲು ಲೆಕ್ಕ. 2025ರಲ್ಲಿ 5 ಲಕ್ಷ ಜನರಿಗೆ ಪಿಆರ್ (ಕಾಯಂ ನೆಲೆಸುವ ಅನುಮತಿ) ಕೊಡುತ್ತೇವೆ ಎಂದು 2022ರ ನವೆಂಬರಿನಲ್ಲಿ ಸರ್ಕಾರ ಹೇಳಿತ್ತು. 2024ರ ಅಕ್ಟೋಬರಿನಲ್ಲಿ ಆಗಿನ ಪ್ರಧಾನಿ ಟ್ರೂಡೊ ಅವರ ಸರ್ಕಾರವೇ ಅದನ್ನು 3.95 ಲಕ್ಷಕ್ಕೆ ಇಳಿಸಿತು. 2026ಕ್ಕೆ ಇಟ್ಟುಕೊಂಡಿರುವ ಗುರಿ 3.8 ಲಕ್ಷ. ವಿದ್ಯಾರ್ಥಿಗಳಿಗೆ ಹೊಡೆತ ಇನ್ನೂ ಜೋರು. 2024ರ ಜನವರಿಯಲ್ಲಿ ಸ್ಟಡಿ ಪರ್ಮಿಟ್‌ಗೆ ಮಿತಿ ಬಂತು. ಖರ್ಚಿಗೆ ತೋರಿಸಬೇಕಾದ ಹಣ 10,000 ಕೆನಡಾ ಡಾಲರ್ ಇದ್ದದ್ದು 20,635 ಆಯಿತು, 2025ರ ಸೆಪ್ಟೆಂಬರಿನಿಂದ 22,895. ಕಾಲೇಜು ಫೀಸು ಬೇರೆ. ನಮ್ಮ ಕಡೆಯವರು ಜಾಸ್ತಿ ಬಳಸುತ್ತಿದ್ದ ಸ್ಟೂಡೆಂಟ್ ಡೈರೆಕ್ಟ್ ಸ್ಟ್ರೀಮ್ (ಸ್ಟಡಿ ಪರ್ಮಿಟ್ ಬೇಗ ಸಿಗುವ ದಾರಿ) 2024ರ ನವೆಂಬರಿನಲ್ಲಿ ನಿಂತೇಹೋಯಿತು.

"ಜಾಬ್ ಆಫರ್ ಲೆಟರ್ ಕೊಡಿಸ್ತೀವಿ, ಪಾಯಿಂಟ್ ಸಿಗತ್ತೆ" ಎನ್ನುವವರನ್ನು ಅಲ್ಲೇ ಬಿಟ್ಟು ಎದ್ದು ಬನ್ನಿ. ಪಾಯಿಂಟ್ ಲೆಕ್ಕದಲ್ಲಿ ಪಿಆರ್‌ಗೆ ಜನರನ್ನು ಆರಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಜಾಬ್ ಆಫರ್‌ಗೆ ಕೊಡುತ್ತಿದ್ದ ಪಾಯಿಂಟನ್ನು 2025ರ ಮಾರ್ಚ್ 25ಕ್ಕೇ ತೆಗೆದಿದ್ದಾರೆ. ಫೀಸು ತೆಗೆದುಕೊಂಡು ಸಲಹೆ ಕೊಡುವವರಿಗೆ ಕೆನಡಾದ ಲೈಸೆನ್ಸ್ ಇರಬೇಕು. ಕನ್ಸಲ್ಟೆಂಟ್‌ಗಳಿಗೆ ಲೈಸೆನ್ಸ್ ಕೊಡುವ ಕಾಲೇಜ್ ಆಫ್ ಇಮಿಗ್ರೇಶನ್ ಆ್ಯಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್‌ನ ವೆಬ್‌ಸೈಟಿನಲ್ಲಿ ಹೆಸರು ಹುಡುಕಿದರೆ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ.

ಸರ್ಕಾರ ಯಾಕೆ ಹೀಗೆ ತಿರುಗಿತು? ಮುಖ್ಯವಾಗಿ ಮನೆಯಿಂದಾಗಿ. 2023 ಒಂದೇ ವರ್ಷದಲ್ಲಿ ಕೆನಡಾದ ಜನಸಂಖ್ಯೆ ಸುಮಾರು 12.7 ಲಕ್ಷ ಏರಿತು. ಅದರಲ್ಲಿ ಶೇ. 98ರಷ್ಟು ಹೊರಗಿನಿಂದ ಬಂದವರು. ಅದೇ ವರ್ಷ ಕಟ್ಟಲು ಶುರುವಾದ ಮನೆಗಳು ಸುಮಾರು 2.4 ಲಕ್ಷ. ಬಾಡಿಗೆಗೆ ಖಾಲಿ ಇದ್ದ ಮನೆಗಳು ನೂರಕ್ಕೆ ಒಂದೂವರೆ. ಹಾಗಂತ ತಪ್ಪೆಲ್ಲ ವಲಸಿಗರದ್ದೇ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬ್ಯಾಂಕ್ ಆಫ್ ಕೆನಡಾದ ಬಡ್ಡಿ ದರ 2022ರ ಶುರುವಿನಲ್ಲಿ ಶೇ. 0.25 ಇದ್ದದ್ದು 2023ರ ಜುಲೈಗೆ ಶೇ. 5ಕ್ಕೆ ಏರಿತು, ಬಿಲ್ಡರ್‌ಗಳ ಕೈ ಕಟ್ಟಿಹೋಯಿತು. ಒಂದು ಜಾಗದಲ್ಲಿ ಒಂದೇ ಮನೆ ಎನ್ನುವ ನಗರಗಳ ನಿಯಮ ಎಷ್ಟೋ ದಶಕ ಹಳೆಯದು. ಜನರನ್ನು ಕರೆದದ್ದು ಒಟ್ಟಾವಾದ ಕೇಂದ್ರ ಸರ್ಕಾರ, ಮನೆಗೆ ಪರ್ಮಿಶನ್ ಕೊಡಬೇಕಾದದ್ದು ಊರಿನ ಕೌನ್ಸಿಲ್. ಇಬ್ಬರೂ ಒಟ್ಟಿಗೆ ಕೂತು ಲೆಕ್ಕ ಹಾಕಲಿಲ್ಲ.

ಇನ್ನು ಜನರ ಮನಸ್ಸು. ಎನ್ವಿರಾನಿಕ್ಸ್ ಇನ್‌ಸ್ಟಿಟ್ಯೂಟ್ 2024ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ. 58 ಮಂದಿ ವಲಸೆ ಅತಿಯಾಯಿತು ಎಂದರು. 2022ರಲ್ಲಿ ಹಾಗಂದವರು ಬರೀ ಶೇ. 27. ಬಂದಿಳಿದ ಮೊದಲ ವಾರವೇ ಆಫೀಸಿನಲ್ಲೋ ಬಸ್ಸಿನಲ್ಲೋ ಈ ಮಾತು ನಿಮ್ಮ ಕಿವಿಗೆ ಬೀಳಬಹುದು. ಎಲ್ಲವನ್ನೂ ಜನಾಂಗದ್ವೇಷ ಎಂದುಕೊಳ್ಳಬೇಡಿ. ದ್ವೇಷವೂ ಇದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮಗನಿಗೆ ಬಾಡಿಗೆ ಮನೆ ಸಿಗಲಿಲ್ಲ ಎಂದು ಗೊಣಗುವ ಪಕ್ಕದ ಮನೆ ಅಜ್ಜಿಯ ಕಷ್ಟ ಬೇರೆ.

ಇದು ನಮಗೆ ಹೊಸದೂ ಅಲ್ಲ, ಅಲ್ವಾ? "ಹೊರಗಿನವರು ಬಂದು ಬಾಡಿಗೆ ಏರಿಸಿಬಿಟ್ರು" ಎಂದು ಮಾರತ್‌ಹಳ್ಳಿಯಲ್ಲೋ ವೈಟ್‌ಫೀಲ್ಡಿನಲ್ಲೋ ನಿಂತು ನಾವೇ ಹೇಳಿದವರು. 2024ರ ಜುಲೈಯಲ್ಲಿ ಸ್ಥಳೀಯರಿಗೆ ಖಾಸಗಿ ಕೆಲಸದಲ್ಲಿ ಮೀಸಲು ಇಡುವ ಮಸೂದೆಗೆ ನಮ್ಮ ರಾಜ್ಯದ ಸಂಪುಟ ಒಪ್ಪಿಗೆ ಕೊಟ್ಟು, ಗಲಾಟೆ ಎದ್ದ ಮೇಲೆ ತಡೆಹಿಡಿಯಿತು. ಆಗ ಮನೆಮನೆಯಲ್ಲೂ ಅದೇ ಚರ್ಚೆ. ಬೆಂಗಳೂರಿನಲ್ಲಿ ಒಳಗಿನವರಾಗಿ ಆಡಿದ ಮಾತನ್ನು ಟೊರಾಂಟೊದಲ್ಲಿ ಹೊರಗಿನವರಾಗಿ ಕೇಳಿಸಿಕೊಳ್ಳುತ್ತೀರಿ, ಅಷ್ಟೇ ವ್ಯತ್ಯಾಸ. ಇಪ್ಪತ್ತು ವರ್ಷದ ಹಿಂದೆ ಬಂದ ನಮ್ಮವರೇ ಈಗ "ಬಂದವರು ಸಾಕು" ಎನ್ನುವುದನ್ನೂ ಕೇಳುತ್ತೀರಿ. ಅವರ ಜೊತೆ ವಾದಕ್ಕೆ ಇಳಿಯಬೇಡಿ, ಊಟ ಚೆನ್ನಾಗಿ ಹಾಕುತ್ತಾರೆ.

ಮನೆ ಹುಡುಕುವ ವಿಷಯ. ವಲಸೆ ಕಡಿತದಿಂದ ಆದ ಒಂದು ಒಳ್ಳೆಯದು ಎಂದರೆ ಬಾಡಿಗೆ ಸ್ವಲ್ಪ ಇಳಿದಿದೆ. ಈಗ ಚೌಕಾಸಿ ಮಾಡಬಹುದು. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸ ಆದವರು ಇದನ್ನು ಗಮನವಿಟ್ಟು ಓದಿ: ಒಂಟಾರಿಯೊದಲ್ಲಿ ಮನೆ ಓನರ್ ಮೊದಲ ತಿಂಗಳ ಬಾಡಿಗೆ ಮತ್ತು ಕೊನೆಯ ತಿಂಗಳ ಬಾಡಿಗೆ ಮಾತ್ರ ಮುಂಗಡ ಕೇಳಬಹುದು. "ಕೆನಡಾದಲ್ಲಿ ಕ್ರೆಡಿಟ್ ಹಿಸ್ಟರಿ ಇಲ್ಲ, ಆರು ತಿಂಗಳದ್ದು ಒಟ್ಟಿಗೆ ಕಟ್ಟಿ" ಎಂದು ಕೇಳುವ ಹಕ್ಕು ಅವರಿಗಿಲ್ಲ. ಆದರೂ ಕೇಳುತ್ತಾರೆ. ಬದಲಿಗೆ ಕೆಲಸದ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಸಾಧ್ಯವಾದರೆ ಅಲ್ಲೇ ಇರುವ ಒಬ್ಬರ ಗ್ಯಾರಂಟಿ ಮುಂದಿಡಿ. ಬೆಂಗಳೂರಿನಲ್ಲಿ ಕೂತು, ಫೋಟೊ ನೋಡಿ ದುಡ್ಡು ಕಳಿಸಲೇಬೇಡಿ. ಮೊದಲ ಒಂದೆರಡು ವಾರಕ್ಕೆ ಪರಿಚಯದವರ ಮನೆಯೋ ದಿನದ ಲೆಕ್ಕದ ರೂಮೋ ನೋಡಿಕೊಳ್ಳಿ.

ಹೊಸಬರಲ್ಲಿ ಎಷ್ಟೋ ಮಂದಿ ಮೊದಲು ಇಳಿಯುವುದು ಬೇಸ್‌ಮೆಂಟಿಗೆ. ಕೀಳಾಗಿ ನೋಡುವಂಥದ್ದೇನಲ್ಲ. ನಗರಸಭೆಯಲ್ಲಿ ಎರಡನೇ ಮನೆಯಾಗಿ ನೋಂದಣಿ ಆಗಿದೆಯೇ ಕೇಳಿ, ಬೆಂಕಿ ಬಿದ್ದರೆ ಹೊರಬರಲು ದಾರಿ ಇದೆಯೇ ನೋಡಿ. ಹೀಟರ್ ಓನರ್ ಕೈಯಲ್ಲಿದ್ದರೆ ಸೆಪ್ಟೆಂಬರ್ 1ರಿಂದ ಜೂನ್ 15ರವರೆಗೆ ಕನಿಷ್ಠ 20 ಡಿಗ್ರಿ ಇಡಲೇಬೇಕು. 2018ರ ನವೆಂಬರ್ 15ರ ನಂತರ ಮೊದಲ ಸಲ ಜನ ವಾಸಕ್ಕೆ ಬಂದ ಕಟ್ಟಡವಾದರೆ ವರ್ಷವರ್ಷದ ಬಾಡಿಗೆ ಏರಿಕೆಗೆ ಸರ್ಕಾರದ ಮಿತಿ ಅನ್ವಯಿಸುವುದಿಲ್ಲ. ಹೊಳೆಯುವ ಹೊಸ ಕಾಂಡೊ (ಅಪಾರ್ಟ್‌ಮೆಂಟ್ ಫ್ಲ್ಯಾಟ್) ನೋಡಿ ಮರುಳಾಗುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ.

ಬಿಡುವಾಗ 60 ದಿನ ಮುಂಚೆ ಬರವಣಿಗೆಯಲ್ಲಿ ನೋಟಿಸ್ ಕೊಡಬೇಕು. ಮೊದಲೇ ಕೊಟ್ಟ ಕೊನೆಯ ತಿಂಗಳ ಬಾಡಿಗೆ ಅಲ್ಲಿಗೆ ಸರಿಹೋಗುತ್ತದೆ. ಪೇಂಟಿಂಗ್‌ಗೆ ಅಂತ ಒಂದು ತಿಂಗಳದ್ದು ಮುರಿದುಕೊಳ್ಳುವ ನಮ್ಮೂರಿನ ಪದ್ಧತಿ ಅಲ್ಲಿಲ್ಲ. ಯಾರಾದರೂ ಕೇಳಿದರೆ, ಅವರು ನಮ್ಮೂರಿನವರೇ ಇರಬೇಕು.